ಖಾಲಿ ಬಿಡಬಾರದ ಕೌಂಟರ್

ಅಮೀರ್‌ಪೇಟೆಯ ಆ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನಲ್ಲಿ ಒಂದು ಪದ್ಧತಿ ಇತ್ತು. ಯಾವ ವಿದ್ಯಾರ್ಥಿಗೆ ನೌಕರಿ ಸಿಕ್ಕರೂ ಕೆಳಗಿನ ಇರಾನಿ ಹೋಟೆಲಿನಿಂದ ಎಲ್ಲರಿಗೂ ಚಹಾ ತರಿಸಬೇಕು. ಮೊದಲ ಕಪ್ಪು ಕೌಂಟರಿನಲ್ಲಿ ಕೂತ ಶಿವದೇವಿಗೆ. ಆಕೆ ಕುಡಿದರೆ ಉಳಿದವರಿಗೂ ಬೇಗ ಕೆಲಸ ಆಗುತ್ತದೆ ಎಂದು ನಂಬಿಕೆ. ಇದನ್ನು ಹಬ್ಬಿಸಿದವನು ಮಾಲೀಕ ವೈಜನಾಥನೇ ಇರಬೇಕು. ಜಾವಾ ಕಲಿತವರನ್ನು ಕಂಪನಿಗಳು ಕೈಹಿಡಿದು ಎಳೆದುಕೊಳ್ಳುತ್ತಿದ್ದ ಕಾಲ ಅದು. ಊರಿಗೆ ಬಂದ ಸುಗ್ಗಿಯೆಲ್ಲ ಚಹಾ ಆಗಿ ಶಿವದೇವಿಯ ಹೊಟ್ಟೆಗೆ ಇಳಿಯುತ್ತಿತ್ತು.

ಇಳಿದದ್ದು ನಿಲ್ಲುತ್ತಿರಲಿಲ್ಲ. ವಯಸ್ಸು ನಲವತ್ತೈದು ದಾಟಿದ ಮೇಲೆ ಅವಳಿಗೆ ಮೂತ್ರದ ಅವಸರ ಹೇಳಿಕೇಳಿ ಬರುತ್ತಿರಲಿಲ್ಲ. ಬಂತೆಂದರೆ ತಡೆಯಲಾಗದು. ಕೌಂಟರಿನ ಹಿಂದೆಯೇ ಹೆಂಗಸರ ಪಾಯಖಾನೆ ಇದ್ದಾಗ ಹೇಗೋ ನಡೆಯಿತು. ಆಮೇಲೆ ವೈಜನಾಥ ಅದರೊಳಗೆ ಹಳೆಯ ಮಾನಿಟರುಗಳನ್ನು ತುಂಬಿ ಬೀಗ ಜಡಿದ. ಹೋಗಬೇಕೆಂದರೆ ಮೆಟ್ಟಿಲಿಳಿದು, ರಸ್ತೆ ದಾಟಿ, ಎದುರಿನ ಲೇಡೀಸ್ ಹಾಸ್ಟೆಲಿನ ವಾರ್ಡನ್‌ಗೆ ಕೈಮುಗಿಯಬೇಕಾಯಿತು.

ಶಿವದೇವಿ ತನಗೆ ತಿಳಿದ ಉಪಾಯ ಮಾಡಿದಳು. ನೀರು ಕುಡಿಯುವುದನ್ನೇ ಬಿಟ್ಟಳು. ಚಹಾ ಮಾತ್ರ ಬಿಡಲಾಗಲಿಲ್ಲ. ಕಲಿಯಲು ಬಂದ ಮಕ್ಕಳ ಶುಭಕ್ಕೆ ಬೇಡ ಅನ್ನುವುದು ಹೇಗೆ? ಮೂತ್ರ ಉರಿಯತೊಡಗಿತು, ಅವಸರ ಇನ್ನೂ ಹೆಚ್ಚಿತು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆಯೇ ಸೀರೆ ಒದ್ದೆಯಾಯಿತು. ಆಟೋದ ಸೀಟಿನ ಅಂಚಿನಲ್ಲಿ ಕೂತು ಕೂಕಟ್‌ಪಲ್ಲಿಯ ಮನೆ ಮುಟ್ಟಿದಳು. ಗಂಡನಿಗೂ ಹೇಳಲಿಲ್ಲ.

ಮರುದಿನ ಒಬ್ಬಳೇ ದವಾಖಾನೆಗೆ ಹೋದಳು. ಡಾಕ್ಟರ್ ವಾಸಂತಿ ಪರೀಕ್ಷೆ ಮಾಡಿಸಿ, ಸೋಂಕೇನೂ ಇಲ್ಲ, ಮೂತ್ರಚೀಲವೇ ಅವಸರಗೇಡಿಯಾಗಿದೆ ಅಂದರು. ಚಹಾ, ಸೋಡಾ ಬಿಡಬೇಕು, ಖಾರ ಹುಳಿ ಕಡಿಮೆ ಮಾಡಬೇಕು. ನೀರನ್ನು ಬಿಡಲೇಬಾರದು, ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ಅವಸರ ಬಂದಾಗ ಓಡದೆ ಕೂತು, ಕೆಳಗಿನ ಸ್ನಾಯು ಬಿಗಿಹಿಡಿದು, ಅದು ತಗ್ಗಿದ ಮೇಲೆ ಏಳಬೇಕು. ಗಡಿಯಾರ ನೋಡಿ ಹೋಗುತ್ತಾ ಅಂತರವನ್ನು ನಿಧಾನವಾಗಿ ಹೆಚ್ಚಿಸಬೇಕು. ಹಟಮಾರಿ ಕೂಸಿಗೆ ಕಲಿಸಿದ ಹಾಗೆ ಎಂದರು.

ರಜೆಯ ದಿನ ಮನೆಯಲ್ಲಿ ಕೂಸು ಮಾತು ಕೇಳಿತು. ಆದರೆ ಗಡಿಯಾರ ನೋಡಿ ಹೋಗಲು ಇನ್‌ಸ್ಟಿಟ್ಯೂಟಿನಲ್ಲಿ ಜಾಗ ಬೇಕಲ್ಲ. ಶಿವದೇವಿ ಕೀಲಿ ಕೇಳಿದಳು. ವೈಜನಾಥ ಭಾಲ್ಕಿಯ ಅವಳ ಓಣಿಯ ಹುಡುಗ, ಅವಳ ಕಣ್ಣೆದುರೇ ಬೆಳೆದವನು. ಮಾನಿಟರ್ ಎಲ್ಲಿಡಲಿ ಅಂದ, ಕೌಂಟರ್ ಖಾಲಿ ಬಿಡಬಾರದು ಅಂದ, ಕಷ್ಟ ಆದರೆ ಚಿಕ್ಕ ವಯಸ್ಸಿನ ಹುಡುಗಿಯನ್ನು ನೋಡುತ್ತೇನೆ ಅಂತಲೂ ಅಂದ. ಗಂಡನ ಅಂಗಡಿ ಮುಚ್ಚಿದ ಮನೆಯಲ್ಲಿ ಅವಳ ಸಂಬಳವೇ ಒಲೆ ಹೊತ್ತಿಸುವುದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಅಂದದ್ದು ಅವಳ ಎದೆಯಲ್ಲಿ ಕೆಂಡವಾಯಿತು.

ಆ ವಾರವೇ ಮೈಸೂರಿನ ತನ್ವಿಗೆ ನೌಕರಿ ಆಯಿತು. ಹುಡುಗಿ ನಗುತ್ತಾ ಮೊದಲ ಕಪ್ಪು ತಂದಿಟ್ಟಳು. ಶಿವದೇವಿ ಅವಳ ತಲೆ ಸವರಿ, ಡಾಕ್ಟರು ಬೇಡ ಅಂದಿದ್ದಾರೆ ಎಂದಳು. ಅಷ್ಟರಲ್ಲಿ ವೈಜನಾಥ ಕ್ಯಾಬಿನ್ನಿನಿಂದ ಬಂದ.

“ಅಕ್ಕಾ, ಶುಭದ ಚಹಾ ಐತಿ. ಒಂದ್ ಗುಟುಕ್ ಕುಡದ್ರ ಸಾಯಂಗಿಲ್ಲ ತಗೋರಿ.”

ಹುಡುಗರು ನಕ್ಕರು. ಎಲ್ಲರೆದುರು ಅವನನ್ನು ಸರ್ ಎನ್ನುತ್ತಿದ್ದ ಶಿವದೇವಿ ಅಂದು ಹಾಗೆನ್ನಲಿಲ್ಲ.

“ಸಾಯಂಗಿಲ್ಲ ವೈಜನಾಥ, ಸೀರಿ ತೊಯ್ತೈತಿ. ಮೊನ್ನೆ ನಿನ್ನ ಮೆಟ್ಲ ಮ್ಯಾಲ ತೊಯ್ತು. ಹೆಂಗಸ್ರ ಪಾಯಖಾನಿಗೆ ಕೀಲಿ ಹಾಕಿ ಮ್ಯಾಲ ಚಹಾ ಕುಡಸ್ತಿ. ಎಲ್ಲಿ ಹೋಗ್ಲಿ ನಾ, ನಿನ್ನ ಮಾನಿಟರ್ ಮ್ಯಾಲ?”

ನಗು ನಿಂತಿತು. ತನ್ವಿ ಮೆಲ್ಲಗೆ ಅಂದಳು, “ಆಂಟಿ, ನಾವೂ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಕ್ಲಾಸ್ ಮುಗಿಯೋವರೆಗೂ ತಡ್ಕೊಂಡೇ ಕೂತಿರ್ತೀವಿ.”

ಶಿವದೇವಿ ಹುಡುಗಿಯರ ಮುಖ ನೋಡಿದಳು. ಇಷ್ಟು ದಿನ ತನ್ನ ದೇಹವೇ ಕೆಟ್ಟಿದೆ ಎಂದು ನಾಚಿಕೊಂಡಿದ್ದಳು. ಈಗ ನಾಚಿಕೆ ಹೋಯಿತು, ಸಿಟ್ಟು ಮಾತ್ರ ಉಳಿಯಿತು. ವೈಜನಾಥ ಬಗ್ಗಿ ಅವಳ ಕಿವಿಯ ಹತ್ತಿರ, ಭಾನುವಾರದ ಡೆಮೋ ಮುಗಿಯಲಿ, ಆಮೇಲೆ ನಿಮ್ಮ ಲೆಕ್ಕ ನೋಡುತ್ತೇನೆ ಎಂದು ಹೋದ.

ಡೆಮೋ ಎಂದರೆ ಪುಕ್ಕಟೆ ಪಾಠ. ಅಂದು ತಂದೆತಾಯಂದಿರು ಬರುತ್ತಾರೆ, ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ಶಿವದೇವಿಯನ್ನೇ ವಿಚಾರಿಸುತ್ತಾರೆ. ಕರೀಂನಗರದಿಂದ ಮಗಳನ್ನು ಕರೆತಂದ ತಾಯಿಗೆ ಅವಳು ಎಲ್ಲವನ್ನೂ ಇದ್ದಂತೆಯೇ ಹೇಳಿದಳು. ಪಾಠ ಚೆನ್ನಾಗಿದೆ, ನೌಕರಿಯೂ ಆಗುತ್ತದೆ. ಹೆಂಗಸರ ಪಾಯಖಾನೆಗೆ ಮಾತ್ರ ಬೀಗ ಇದೆ, ಮಗಳು ರಸ್ತೆ ದಾಟಿ ಹೋಗಿಬರಬೇಕು. ಆ ತಾಯಿ ಗಂಡನ ಮುಖ ನೋಡಿ ಎದ್ದಳು. ಹಿಂದೆ ಕೂತು ಕೇಳಿಸಿಕೊಂಡ ಇನ್ನೊಬ್ಬಳೂ ಎದ್ದಳು.

ವೈಜನಾಥ ಓಡಿಬಂದ. ಉಂಡ ಮನೆಗೆ ಎರಡು ಬಗೆಯುತ್ತೀರಾ ಎಂದು ಹಲ್ಲು ಕಚ್ಚಿದ.

“ಸುಳ್ಳ ಹೇಳೀನೇನು? ಕೀಲಿ ತೆಗಿ. ತೆಗದಾನ ಅಂತಾನೂ ಹೇಳ್ತೀನಿ.”

ಮತ್ತೊಂದು ಕುಟುಂಬ ಮೆಟ್ಟಿಲು ಹತ್ತಿ ಬರುತ್ತಿತ್ತು. ವೈಜನಾಥ ಅವರನ್ನು ನೋಡಿದ, ಅವಳನ್ನು ನೋಡಿದ. ಬೀಗ ತೆಗೆದು, ಇಸ್ತ್ರಿ ಮಾಡಿದ ಅಂಗಿಯಲ್ಲೇ ಮಾನಿಟರುಗಳನ್ನು ಒಂದೊಂದಾಗಿ ಹೊತ್ತು ತನ್ನ ಕ್ಯಾಬಿನ್ನಿಗೆ ಸಾಗಿಸಿದ. ಆಗಲೂ ಶಿವದೇವಿಯ ಸಿಟ್ಟು ಇಳಿಯಲಿಲ್ಲ. ತನ್ನ ಸೀರೆ ಒದ್ದೆಯಾದದ್ದಕ್ಕೆ ಬಿಚ್ಚದ ಬೀಗ, ಎರಡು ಗಿರಾಕಿ ಎದ್ದುಹೋದರೆ ಬಿಚ್ಚಿತು. ಬಂದವರಿಗೆ ಕುರ್ಚಿ ತೋರಿಸಿ, ಗಡಿಯಾರ ನೋಡಿ, ಅವಸರವಿಲ್ಲದೆ ಎದ್ದಳು.

“ಕೌಂಟರ್ ಖಾಲಿ ಬಿಡಬಾರದಲ್ಲ,” ಅಂದಳು. “ಕೂಡು.”

ಧೂಳು ಮೆತ್ತಿದ ಅಂಗಿಯಲ್ಲಿ ಅವನು ಕೂತ. ಒಳಗೆ ಹೋದವಳು ಮರುಗಳಿಗೆಯಲ್ಲೇ ಹೊರಗೆ ಬಂದಳು. ಬಕೆಟ್ಟಿಲ್ಲ, ಒಳಗಿನ ಚಿಲಕವೂ ಮುರಿದಿದೆ, ಈಗಲೇ ತರಿಸು ಎಂದು ಬಂದವರಿಗೆಲ್ಲ ಕೇಳುವಂತೆ ಹೇಳಿದಳು.