ಮುಟ್ಟದೆ ಕಲಿಸಿದ ದಂಡ

ಅರ್ಜುನಪ್ಪ ಹುಬ್ಬಳ್ಳಿಯ ಹತ್ತಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಿದ್ದ. ಸಾವಿರದ ಒಂಬೈನೂರ ಅರವತ್ಮೂರರ ಮಳೆಗಾಲದಲ್ಲಿ ಅಮ್ಮಿನಬಾವಿಯ ಬೀಗರ ಮನೆಗೆ ಹೊರಟಾಗ ಸೈಕಲ್ಲಿನಿಂದ ಬಿದ್ದು ಬಲಭುಜ ಕಳಚಿತು. ದವಾಖಾನೆಯಲ್ಲಿ ಕೂಡಿಸಿ ಕಟ್ಟಿದರು. ಆರು ವಾರದ ಮೇಲೆ ಪಟ್ಟಿ ಬಿಚ್ಚಿದಾಗ ತೋಳು ಸೊರಗಿತ್ತು. ಬೆನ್ನಿನ ಹಲಗೆ ಎಲುಬು ಪುಕ್ಕ ಕಿತ್ತ ಕೋಳಿಯ ರೆಕ್ಕೆಯಂತೆ ಎದ್ದು ನಿಂತಿತ್ತು. ಅವನಿಗೆ ತನ್ನ ಮೈಯೇ ಹೇಸಿಗೆ ಅನ್ನಿಸಿತು.

ದವಾಖಾನೆಯಲ್ಲಿ ವ್ಯಾಯಾಮ ಕಲಿಸುವವರು ಚನ್ನಯ್ಯ ಮಾಸ್ತರು. ಮೊದಲ ದಿನ ಬೆನ್ನು ಮುಟ್ಟಿ ನೋಡಲು ಕೈ ಚಾಚಿದವರು, "ಯಾವ ಓಣಿಯಾಂವ ನೀ?" ಎಂದರು.

"ಹಳೇ ಹುಬ್ಬಳ್ಳಿ, ಮಾದರ ಓಣಿಯಾಂವರಿ."

ಕೈ ಹಿಂದಕ್ಕೆ ಹೋಯಿತು. ಮುಟ್ಟಿರದಿದ್ದರೂ ಧೋತರಕ್ಕೆ ಒರೆಸಿಕೊಂಡರು. ಮೇಜಿನ ಮೇಲಿನ ರೂಲುಗೋಲು ತಂದು ಎಲುಬಿಗೆ ತಿವಿದರು. "ಗ್ವಾಡಿಗೆ ಕೈ ಊರಿ ದಂಡ ಹೊಡಿ. ಇಲ್ಲಿ ಬಿಗಿ ಬರಬೇಕು."

ತಿಂಗಳು ಪೂರ್ತಿ ಅದೇ. ಎತ್ತಿಗೆ ತಿವಿದ ಹಾಗೆ ತಿವಿತ, ಮಾಸ್ತರರ ಬಾಯಿಯ ಅಡಿಕೆ ವಾಸನೆ. ಕತ್ತು ಬಿಗಿಯುತ್ತಿತ್ತೇ ಹೊರತು ಎಲುಬು ಕದಲಲಿಲ್ಲ. ಒಂದು ದಿನ ಅರ್ಜುನಪ್ಪನೇ ಕೇಳಿಕೊಂಡ.

"ಒಮ್ಮಿ ಕೈ ಇಟ್ಟು ತೋರಸ್ರೀ."

"ಹೇಳಿದ್ದು ತಿಳಿಯೂದಿಲ್ಲ ನಿಮ್ಮ ಮಂದಿಗೆ," ಎಂದು ಮಾಸ್ತರು ಚಹಾಕ್ಕೆ ಹೋದರು.

ನೆಲ ಒರೆಸುತ್ತಿದ್ದ ಆಯಾ ಲಾಲಬಿ ಎದ್ದು ಬಂದಳು. ಇಪ್ಪತ್ತು ವರ್ಷ ಇಂಥವನ್ನೇ ನೋಡಿದವಳು. ಒದ್ದೆ ಕೈಯನ್ನು ಅವನ ಕಂಕುಳ ಕೆಳಗೆ, ಪಕ್ಕೆಲುಬಿನ ಮೇಲಿಟ್ಟಳು.

"ಇಲ್ಲಿಂದ ದಬ್ಬೋ ತಮ್ಮಾ. ಮೊಳಕೈ ನೆಟ್ಟಗಾದ ಮ್ಯಾಲೂ ಇನ್ನಷ್ಟು ದಬ್ಬು."

ಅವಳ ಅಂಗೈ ಕೆಳಗೆ ಏನೋ ಮಿಡಿಯಿತು. ಎಲುಬು ಮೆಲ್ಲಗೆ ಪಕ್ಕೆಗೆ ಅಂಟಿತು. ಅರ್ಜುನಪ್ಪನ ಕಣ್ಣು ತುಂಬಿ ಬಂತು.

ಅಂದಿನಿಂದ ದಿನವೂ ಆ ಚಹಾದ ಹೊತ್ತೇ ಪಾಠ. ಗೋಡೆಯಿಂದ ಬೆಂಚಿಗೆ, ಬೆಂಚಿನಿಂದ ನೆಲಕ್ಕೆ ಇಳಿದ. ಚಳಿಗಾಲ ಬರುವಷ್ಟರಲ್ಲಿ ನೆಲದ ಮೇಲೆ ಹತ್ತು ದಂಡ ಹೊಡೆದ. ನೋಡಿದ ಡಾಕ್ಟರರು, "ಛಲೋ ಕಲಿಸೀರಿ ಮಾಸ್ತರ," ಎಂದರು. ಚನ್ನಯ್ಯನವರು ನಕ್ಕರು.

ಆ ನಗು ಅರ್ಜುನಪ್ಪನಿಗೆ ತಡೆಯಲಾಗಲಿಲ್ಲ. "ಕಲಿಸಿದವರು ಲಾಲಬಿ ಅಕ್ಕಾರ್ರಿ. ಇವರು ನನ್ನ ಒಮ್ಮಿನೂ ಮುಟ್ಟಿಲ್ಲ."

ಡಾಕ್ಟರರು ಚೀಟಿಯಿಂದ ತಲೆ ಎತ್ತಲಿಲ್ಲ. ಸಹಿ ಹಾಕಿ, "ಆತು, ಹೋಗು," ಎಂದರು.

ಬಾಗಿಲಲ್ಲಿ ಲಾಲಬಿ ತಡೆದಳು. "ಯಾಕ ಹೇಳಿದ್ಯೋ? ನಾಳಿ ನಾ ಇಲ್ಲೇ ದುಡೀಬೇಕಲ್ಲೋ."

ಅವನು ಹೊರಗೆ ಬಂದು ಗಟಾರದ ಬದಿಗೆ ಕೂತು ಕಾರಿಕೊಂಡ. ಸೋಮವಾರ ಮೂಟೆ ಹೊತ್ತಾಗ ಭುಜ ನೋಯಲಿಲ್ಲ. ಆದರೆ ಆ ದವಾಖಾನೆಯ ರಸ್ತೆ ಹಿಡಿದು ಅವನು ಮತ್ತೆಂದೂ ನಡೆಯಲಿಲ್ಲ.