ಊರಿಗೆ ಲಂಘನ

ಗಂಡನ ಹೆಸರು ಹೇಳಬಾರದಂತೆ. ನಾನು ಹೇಳುತ್ತೇನೆ: ಅಜ್ಜಪ್ಪ. ದಾವಣಗೆರೆಯಲ್ಲಿ ಅಜ್ಜಪ್ಪ ಪಂಡಿತರೆಂದರೆ ಗಿರಣಿ ಕೂಲಿಯವರಿಂದ ಹಿಡಿದು ಹತ್ತಿ ವ್ಯಾಪಾರಿಗಳವರೆಗೆ ಎಲ್ಲರೂ ನಾಡಿ ತೋರಿಸಲು ಕೈ ಚಾಚುತ್ತಿದ್ದರು. ಮೂರು ಬೆರಳಿಟ್ಟು ಕಣ್ಣು ಮುಚ್ಚಿದರೆ ನಿನ್ನೆ ಏನು ತಿಂದಿದ್ದೀರೆಂದು ಹೇಳಿಬಿಡುತ್ತಿದ್ದರು. ಎದುರಿಗೆ ಕೂತ ಹೆಂಡತಿ ಏನು ಹೇಳುತ್ತಿದ್ದಾಳೆ ಎನ್ನುವುದು ಮಾತ್ರ ಅವರಿಗೆ ಎಂದೂ ಕೇಳಿಸಲಿಲ್ಲ.

ರಾಜ್ಯ ಒಂದಾದ ವರ್ಷದ ಬೇಸಿಗೆಯಲ್ಲಿ ನಮ್ಮ ಕೇರಿಗೆ ವಾಂತಿಭೇದಿ ಬಂತು. ಎಂಟು ದಿನಕ್ಕೆ ಹನ್ನೊಂದು ಹೆಣ. ಮುನಿಸಿಪಾಲಿಟಿಯವರು ಸೂಜಿ ಚುಚ್ಚಲು ಬಂದರೆ ಜನ ಬಾಗಿಲು ಹಾಕಿಕೊಂಡರು. ಆಗ ನಮ್ಮ ಮನೆಯವರು ರೋಗಿಗಳನ್ನು ಬಿಟ್ಟು ಊರನ್ನೇ ಪರೀಕ್ಷೆ ಮಾಡಲು ಹೊರಟರು. ಬಾವಿಗಳಲ್ಲಿ ಇಣುಕಿದರು, ಚರಂಡಿಗೆ ಕೋಲು ಹಾಕಿ ನೋಡಿದರು, ಗಿರಣಿ ಬಿಟ್ಟಾಗ ಹೊರಬೀಳುವ ಜನವನ್ನು ನೋಡುತ್ತ ನಿಂತರು. ಮನೆಗೆ ಬಂದು ನನ್ನ ಮುಂದೆ ಕೂತರು.

"ಇದು ಊರಿಗಾದ ಅಜೀರ್ಣ. ಹಳ್ಳಿ ಹೊಟ್ಟಿ, ಪಟ್ಟಣದ ಊಟ. ಮಂದಿ ಮ್ಯಾಲೆ ಮಂದಿ ತುಂಬಿದ್ರೆ ಹೆಂಗೆ ಅರಗತೈತೆ? ಲಂಘನ ಹಾಕ್ಬೇಕು."

ಮನುಷ್ಯನಿಗೆ ಲಂಘನವೆಂದರೆ ಉಪವಾಸ. ಊರಿಗೆ ಲಂಘನವೆಂದರೆ ನಮ್ಮ ಹಿರಿಯರು ಮಾಡುತ್ತಿದ್ದ ಹೊರಬೀಡು. ರೋಗ ಬಂದಾಗ ದನಕರು ಸಮೇತ ಎಲ್ಲರೂ ಆಚೆ ಹೋಗಿ, ಒಲೆ ಹೊತ್ತಿಸದೆ ಊರನ್ನು ಖಾಲಿ ಬಿಡುವುದು. ಆಗ ಊರು ತನ್ನ ಕೆಟ್ಟದ್ದನ್ನು ತಾನೇ ಹೊರಗೆ ಹಾಕುತ್ತದೆ ಎಂದು ನಂಬಿಕೆ. ಮೂರು ದಿನ ಎಂದು ಇವರು ಗೊತ್ತು ಮಾಡಿದರು. ಜನ ಇಲ್ಲದಾಗ ಬಾವಿಗಳಿಗೆ ಔಷಧ ಹಾಕುತ್ತೇವೆಂದು ಮುನಿಸಿಪಾಲಿಟಿ ಡಾಕ್ಟರೂ ಒಪ್ಪಿದರು. ನಿಜ ಹೇಳಬೇಕೆಂದರೆ ನನಗೂ ಸರಿಯೆನಿಸಿತು. ಎಲ್ಲಿಗೆ ಹೋಗುವುದೆಂದು ಕೇಳಿದೆ.

"ಹರಿಹರಕ್ಕೆ, ಹೊಳಿ ದಂಡಿಗೆ," ಎಂದರು.

ಹರಿಹರದಲ್ಲಿ ನಮ್ಮ ಒಬ್ಬಳೇ ಮಗಳು ಕಸ್ತೂರಿ ಇದ್ದಳು. ಏಳು ತಿಂಗಳ ಬಸುರಿ. ಅಳಿಯ ರೈಲ್ವೆ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದ. ಅವಳ ಬೀದಿಯವರೆಲ್ಲ ಕುಡಿಯುತ್ತಿದ್ದುದು ಆ ಹೊಳೆಯ ನೀರನ್ನೇ.

"ಬ್ಯಾಡ್ರಿ. ಬಾತಿ ಕಡೆ ಗುಡ್ಡಕ್ಕೆ ಹೋಗೋಣ. ಕಸ್ತೂರಿ ಅದೇ ನೀರು ಕುಡಿತಾಳೆ."

"ಗುಡ್ಡದಾಗ ಇಷ್ಟು ಮಂದಿಗೆ ನೀರೆಲ್ಲೈತೆ? ಹರಿಯೋ ನೀರಿಗೆ ದೋಷ ಇಲ್ಲ. ಸುಮ್ನಿರು."

ಹಿತ್ತಲ ಗಿಡ ಮದ್ದಲ್ಲ. ಹೆಂಡತಿಯ ಮಾತಂತೂ ಕಷಾಯಕ್ಕೂ ಬಾರದು. ಗಾಡಿ ಹತ್ತಿದೆ.

ಎಂಟುನೂರು ಜನ ಮರಳಿನ ಮೇಲೆ ಇಳಿದೆವು. ಬೇಸಿಗೆಯ ಹೊಳೆ, ಮೊಣಕಾಲುದ್ದ ನೀರು. ಎರಡನೆಯ ಬೆಳಿಗ್ಗೆ ನಮ್ಮ ಕೇರಿಯ ಒಬ್ಬ ಹೆಂಗಸು ರೋಗಿ ಗಂಡನ ಹಾಸಿಗೆ ಬಟ್ಟೆಯನ್ನು ನೀರಿನಲ್ಲಿ ಹಿಂಡುತ್ತಿದ್ದಳು. ನೀರು ಹರಿದುಹೋಗುವ ಕಡೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಹರಿಹರದ ಹೆಂಗಸರು ಕೊಡ ತುಂಬುತ್ತಿದ್ದರು. ನಾನು ಕೂಗಿಕೊಂಡು ಓಡಿದೆ. ಬಟ್ಟೆ ಹಿಂಡುತ್ತಿದ್ದವಳು ಅಳತೊಡಗಿದಳು.

"ಪಂಡಿತ್ರೇ ಹೇಳ್ಯಾರವ್ವಾ, ಹೊಳ್ಯಾಗ ಬಿಟ್ರೆ ಹೋಗತೈತಂತ."

ಹೌದು, ಅವರೇ ಹೇಳಿದ್ದರು. ಮಗಳ ಮನೆಗೆ ಓಡಿ ಕೊಡದ ನೀರನ್ನೆಲ್ಲ ಚೆಲ್ಲಿದೆ. ಅವಳು, "ಯಾಕವ್ವಾ, ಹುಚ್ಚು ಹಿಡಿತೇನು?" ಎಂದು ನಕ್ಕಳು. ಆಗಲೇ ಕುಡಿದಾಗಿತ್ತು.

ವಾಪಸು ಹೊರಟಾಗ ಅವಳನ್ನೂ ಕರೆದೆ. ರೋಗದ ಕೇರಿಗೆ ಬಸುರಿಯನ್ನು ಕರೆಯುತ್ತೀಯಾ ಎಂದು ಇವರು ನನ್ನನ್ನು ಗದರಿದರು. ಕೇರಿಯಲ್ಲಿ ಆಮೇಲೆ ಯಾರೂ ಹಾಸಿಗೆ ಹಿಡಿಯಲಿಲ್ಲ. ಜನ ಹಾರ ತಂದರು. ಹಾರ ಇನ್ನೂ ಇವರ ಕೊರಳಲ್ಲಿದ್ದಾಗ ಹರಿಹರದ ಜಟಕಾ ಹುಸೇನ್ ಸಾಬ್ ಬಾಗಿಲಿಗೆ ಬಂದ.

"ಅಮ್ಮಾ, ಜಲ್ದಿ ಹೊಂಡ್ರಿ. ಮಗಳಿಗೆ ವಾಂತಿಭೇದಿ ಶುರುವಾಗೈತೆ."

ನಾವು ಹೋಗುವಷ್ಟರಲ್ಲಿ ಕಸ್ತೂರಿಯ ಕಣ್ಣು ಗುಳಿಬಿದ್ದಿತ್ತು. ಅದೇ ಬೀದಿಯ ಆರು ಮನೆಗಳಲ್ಲಿ ನರಳಾಟ. ಇವರು ಅವಳ ಮುಂಗೈ ಹಿಡಿದರು. ಬೆರಳನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಸರಿಸುತ್ತ ಮೊಣಕೈವರೆಗೆ ನಾಡಿ ಹುಡುಕಿದರು. ಅಲ್ಲಿನ ಡಾಕ್ಟರು, ನರಕ್ಕೆ ಉಪ್ಪುನೀರು ಏರಿಸಿದರೆ ಉಳಿದಾಳು, ಬಾಟಲಿ ದಾವಣಗೆರೆಯಿಂದ ಬರಬೇಕು ಎಂದರು. ಹುಸೇನ್ ಸಾಬ್ ಚೀಟಿ ಹಿಡಿದು ಕುದುರೆಯನ್ನು ತಿರುಗಿಸಿದ.

ಅಷ್ಟರಲ್ಲಿ ಬೀದಿಯ ಹಿರಿಯ ವಾಮದೇವಪ್ಪ ಜನರನ್ನು ಕರೆದುಕೊಂಡು ಬಂದು ಜಗಲಿಯ ಮುಂದೆ ಕೈ ಮುಗಿದು ನಿಂತರು.

"ಪಂಡಿತ್ರೇ, ನಿಮ್ಮ ಕೇರಿ ಉಳಿಸಿದ್ರಿ. ನಮಗೂ ಹೊರಬೀಡು ಹೇಳ್ರಿ. ಹೊಳಿ ಕೆಳಗಿನ ಊರಿನ ದಂಡಿಗೆ ಹೋಗ್ತೀವಿ."

ನಾನು ಒಳಗಿನಿಂದ ಇವರ ಪಂಚೆಯ ಸೆರಗು ಹಿಡಿದೆ. "ಬಾಯಿ ಬಿಡಬ್ಯಾಡ್ರಿ. ನಿಮ್ಮಿಂದ ಬಂತು ಅಂತ ತಿಳಿದ್ರೆ ಬೀದಿಗೆ ಹಾಕ್ತಾರೆ. ಇಂಥಾಕಿನ್ನ ಎಲ್ಲಿಗೆ ಒಯ್ಯೋಣ?" ಹೀಗೆ ಹೇಳಿದವಳು ನಾನೇ. ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ. ಎಂದೂ ನನ್ನ ಮಾತು ಕೇಳದವರು ಆವತ್ತೂ ಕೇಳಲಿಲ್ಲ. ಪಂಚೆ ಬಿಡಿಸಿಕೊಂಡು ಹೊರಗೆ ಹೋದರು.

"ಹೋಗಬ್ಯಾಡ್ರಿ. ಇದನ್ನ ತಂದೋನು ನಾನು. ನಮ್ಮ ಕೇರಿ ಹೊಲಸು ನಿಮ್ಮ ಕೊಡಕ್ಕೆ ಹಾಕಿದೆ. ಮನುಷ್ಯನ ಮೈಗೆ ಹೊರಗೆ ಅಂಬೋದು ಐತೆ, ಊರಿಗೆ ಇಲ್ಲ. ಊರಿನ ಹೊರಗೆ ಇನ್ನೊಂದು ಊರೈತೆ. ಮನ್ಯಾಗೇ ಇರ್ರಿ, ನೀರು ಕಾಸಿ ಕುಡೀರಿ, ಸೂಜಿ ಹಾಕಿಸ್ಕೊಳ್ರಿ." ಹೇಳುತ್ತ ಹೇಳುತ್ತ ಗಟ್ಟಿಯಾಗಿ ಅತ್ತರು.

ಬೈಗುಳ ಬರುತ್ತದೆಂದು ನಾನು ಕಿವಿ ಮುಚ್ಚಿಕೊಂಡೆ. ವಾಮದೇವಪ್ಪನವರ ಕಣ್ಣಲ್ಲೂ ನೀರು ಬಂತು.

"ನೋಡ್ರಪ್ಪಾ, ಮಗಳು ಹಿಂಗೆ ಮಲಗಿದ್ರೂ ಊರಿನ ಪಾಪ ತಮ್ಮ ಮ್ಯಾಲೆ ಹಾಕ್ಕೊಳ್ತಾರೆ. ದೊಡ್ಡೋರು ಅಂದ್ರೆ ಹಿಂಗಿರಬೇಕು. ಗಾಡಿ ಕಟ್ರಿ."

ರೋಗಿಗಳನ್ನೂ ಮಲಗಿಸಿಕೊಂಡು ಗಾಡಿ ಕಟ್ಟಿದರು. ಇವರು ಓಡಿಹೋಗಿ ಮೊದಲನೆಯ ಗಾಡಿಯ ಎತ್ತುಗಳ ಮುಂದೆ ಮಣ್ಣಿನಲ್ಲಿ ಅಡ್ಡ ಮಲಗಿದರು. ಇಬ್ಬರು ಮೆಲ್ಲಗೆ ಎತ್ತಿ ತಂದು ಜಗಲಿಯ ಮೇಲೆ ಕೂಡಿಸಿದರು. ಮೈಮೇಲಿನ ಧೂಳು ಒರೆಸಿ, ಒಬ್ಬೊಬ್ಬರಾಗಿ ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದರು. ಡಾಕ್ಟರು ಸಹ ರೋಗಿಗಳನ್ನು ತಡೆಯುತ್ತೇನೆಂದು ಆ ಗಾಡಿಗಳ ಹಿಂದೆ ಸೈಕಲ್ ಹತ್ತಿದರು.

ಮಧ್ಯಾಹ್ನಕ್ಕೆ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕಸ್ತೂರಿ ನೀರು ನೀರು ಎಂದಳು. ಕಾಸಿ ಆರಿಸಿ ಚಮಚದಲ್ಲಿ ಹಾಕಿದರೆ ಕಟವಾಯಿಯಿಂದ ಹೊರಗೆ ಬಂತು. ಹೊತ್ತು ಮುಳುಗುವಾಗ ನನ್ನ ತೊಡೆಯ ಮೇಲೆ, ಹೊಟ್ಟೆಯಲ್ಲಿದ್ದ ಜೀವವನ್ನೂ ಕರೆದುಕೊಂಡು, ಹೋಗಿಬಿಟ್ಟಳು.

ಹುಸೇನ್ ಸಾಬ್ ಬಾಟಲಿಯನ್ನು ಎದೆಗೆ ಅವಚಿಕೊಂಡು ಬಂದ. ಅವನು, ಇವರು, ನಾನು. ಅವಳನ್ನು ಹೊರಲು ನಾಲ್ಕನೆಯವರು ಇರಲಿಲ್ಲ.