ಆರನೆಯ ಚಮಚ

ಹೊರಕೋಣೆಯಲ್ಲಿ ಕೂತವರಿಗೆಲ್ಲ ಚಹಾ ಕೊಟ್ಟಾಗಿತ್ತು, ಸಕ್ಕರೆ ಕಲಕಲು ಚಮಚಗಳೇ ಸಾಲದಾದವು. ಮಗಳು ಮಂಚದ ಕೆಳಗೆ ಕೈ ಚಾಚಿ ಅಮ್ಮನ ಹಳೆಯ ಡಬ್ಬ ಎಳೆದಳು. ಡಬ್ಬದ ತುಂಬ ಚಮಚ. ಉದ್ದದ್ದು, ಗಿಡ್ಡದ್ದು, ಹಿಡಿ ಸೊಟ್ಟಾದದ್ದು. ಒಂದಕ್ಕೊಂದು ಸಂಬಂಧವೇ ಇಲ್ಲ. ಅಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಅವಳಿನ್ನೂ ಕೂತಿರಲಿಲ್ಲ. ಮೈಕೈ ಸೋತು, ಅಳುವುದಕ್ಕೂ ತ್ರಾಣವಿರಲಿಲ್ಲ.

ಹೊರಗೆ ಅವಳ ಗಂಡನ ತಾಯಿ, ಅತ್ತೆ, ಅಮ್ಮನ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸನ್ನು ಮಾತಾಡಿಸುತ್ತಿದ್ದರು.

"ನೀವೂ ಕರೆಂಟ್ ಆಫೀಸಿನವರೇನಮ್ಮಾ?"

ಆಕೆ ಒಳಬಾಗಿಲ ಕಡೆ ಒಮ್ಮೆ ನೋಡಿದಳು. "ಹೌದಮ್ಮಾ, ಅಲ್ಲೇ."

ಕೇಳಿದರೆ ಹಾಗೇ ಅನ್ನಬೇಕೆಂದು ಅಮ್ಮ ಜೊತೆಯವರಿಗೆಲ್ಲ ಹೇಳಿಟ್ಟಿದ್ದಳು. ಸತ್ತ ಮೇಲೂ ಮಗಳ ಮಾನ ಕಾಯುವ ಏರ್ಪಾಡು. ಮಗಳಿಗೆ ನಾಚಿಕೆಯಾಯಿತು.

*

ಆ ಸುಳ್ಳು ಮಗಳದೇ, ಮದುವೆ ಮಾತುಕತೆಯ ಹೊತ್ತಿಗೆ ಹೇಳಿದ್ದು. ಅಮ್ಮ ದುಡಿಯುತ್ತಿದ್ದುದು ಊರಿನ ಹಸಿಕಸವೆಲ್ಲ ಬಂದು ಬೀಳುವ ಘಟಕದಲ್ಲಿ. ಅಲ್ಲಿ ಕಸ ಅರೆದು, ಮುಚ್ಚಿದ ದೊಡ್ಡ ತೊಟ್ಟಿಯಲ್ಲಿ ಕೊಳೆಸಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸಿ ಪಕ್ಕದ ಆಸ್ಪತ್ರೆಗೆ ಕರೆಂಟು, ಬಿಸಿನೀರು ಕೊಡುತ್ತಿದ್ದರು. ಅರೆಯುವ ಯಂತ್ರಕ್ಕೆ ಒಂದು ಚಮಚ ಸಿಕ್ಕಿದರೂ ಎಲ್ಲ ನಿಂತಂತೆ. ಎಂಜಲಿನ ಜೊತೆ ಚಮಚ ಎಸೆಯದ ಮನೆಯೇ ಇಲ್ಲ ಎನ್ನುತ್ತಿದ್ದಳು ಅಮ್ಮ. ಅವನ್ನು ಹೆಕ್ಕುವುದೇ ಅವಳ ಕೆಲಸ. ಗುಜರಿಗೆ ಹಾಕಲು ಮನಸ್ಸು ಬಾರದೆ, ಮೇಲಿನವರನ್ನು ಕೇಳಿ ಮನೆಗೆ ತರುತ್ತಿದ್ದಳು.

"ಕರೆಂಟ್ ಆಫೀಸು ಅಂತ ಹೇಳಿದೀನಿ, ನೀನೂ ಹಾಗೇ ಅಂದ್ಬಿಡಮ್ಮ" ಎಂದಾಗ ಅಮ್ಮ ನಕ್ಕಿದ್ದಳು. "ಪೂರ್ತಿ ಸುಳ್ಳೇನಲ್ಲ ಬಿಡು. ಕರೆಂಟು ಮಾಡೋದು ನಾವೇ ತಾನೆ." ಆಮೇಲೆ ಉಗುರಿನ ಸಂದಿಗಳನ್ನು ಬಹಳ ಹೊತ್ತು ತಿಕ್ಕಿ ತೊಳೆದಳು.

ಅದೇ ಊರಿನಲ್ಲಿದ್ದ ಬೀಗರ ಮನೆಗೆ ಅಮ್ಮ ಹೋದದ್ದು ಒಂದೇ ಸಲ. ಅಂದು ಅತ್ತೆ ಬಳ್ಳಿಯ ಕೆತ್ತನೆಯ ಚಮಚಗಳನ್ನು ಹೊರತೆಗೆದಿದ್ದರು. ತಮ್ಮ ತಾಯಿ ಕೊಟ್ಟ ಆರರಲ್ಲಿ ಒಂದು ಎಲ್ಲೋ ಕಳೆದುಹೋಯಿತು, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ ಎಂದಿದ್ದರು. ಅಮ್ಮ ಕೈಯಲ್ಲಿದ್ದ ಚಮಚವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಷ್ಟು ಕರೆದರೂ ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಮಗಳು ಅದನ್ನು ಬಿಗುಮಾನವೆಂದುಕೊಂಡಿದ್ದಳು.

*

ಡಬ್ಬದ ತಳದಲ್ಲಿ ಒಂದು ಬಟ್ಟೆಯ ಗಂಟಿತ್ತು. ಬಿಚ್ಚಿದರೆ ಬಳ್ಳಿಯ ಕೆತ್ತನೆಯ ಚಮಚ, ಹೊಳೆಯುವ ಹಾಗೆ ಉಜ್ಜಿಟ್ಟದ್ದು. ಅತ್ತೆಗೆ ಹಿಂದಿರುಗಿಸಲು ಅಮ್ಮ ಅದು ಎಲ್ಲಿ ಸಿಕ್ಕಿತೆಂದು ಹೇಳಬೇಕಿತ್ತು. ಹೇಳಿದ್ದರೆ ಮಗಳ ಸುಳ್ಳು ಬಯಲಾಗುತ್ತಿತ್ತು.

ಮಗಳು ಗೋಡೆಗೊರಗಿದಳು. ಗಂಟು ಮತ್ತೆ ಕಟ್ಟಿ ತಳಕ್ಕೆ ತಳ್ಳಿಬಿಟ್ಟರೆ ಮುಗಿಯಿತು, ಕೇಳುವವರಿಲ್ಲ. ಆದರೆ ಆ ಸುಳ್ಳು ಅವಳಿಗೆ ಸಾಕಾಗಿಹೋಗಿತ್ತು.

ಉಳಿದ ಚಮಚಗಳನ್ನು ತಟ್ಟೆಯಲ್ಲಿ ಹರಡಿಕೊಂಡು ಹೊರಗೆ ಬಂದು ಎಲ್ಲರಿಗೂ ಹಂಚಿದಳು. ಬಳ್ಳಿಯದನ್ನು ಅತ್ತೆಯ ಕೈಗೆ ತಾನೇ ಕೊಟ್ಟಳು.

"ಅಮ್ಮ ಕಸದಲ್ಲಿ ಹೆಕ್ಕಿದ್ದು, ಅತ್ತೆ. ಈ ಎಲ್ಲಾ ಚಮಚಾನೂ. ಅದೇ ಅವಳ ಕೆಲಸ ಆಗಿತ್ತು."

ಅತ್ತೆ ಹಿಡಿಯ ಮೇಲಿನ ಬಳ್ಳಿಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು. ಸುತ್ತ ಇದ್ದ ನೆರೆಹೊರೆಯವರು ಕಲಕುವುದನ್ನು ನಿಲ್ಲಿಸಿ, ಒಬ್ಬೊಬ್ಬರಾಗಿ, ತಮ್ಮ ಕೈಯ ಚಮಚವನ್ನು ತಿರುಗಿಸಿ ನೋಡತೊಡಗಿದರು.